ಬಣ್ಣದ ದೊಡ್ಡಪ್ಪನ ಕಾರು ಸ್ಟಾರ್ಟಾಗದ ದಿನ

ಬಣ್ಣದ ದೊಡ್ಡಪ್ಪನ ಗೇಟಿನ ಮುಂದೆ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಅಲ್ಲಾಡದೆ ನಿಲ್ಲಬೇಡಿ ಎಂದು ಆ ಬೀದಿಯವರು ಹೊಸದಾಗಿ ಬಂದ ಬಾಡಿಗೆಯವರಿಗೆ ಎಚ್ಚರಿಕೆ ಕೊಡುತ್ತಿದ್ದರು. ನಿಂತವರ ಮೈಮೇಲೆ ಮೊದಲು ತುಕ್ಕು ಉಜ್ಜುವ ಉಪ್ಪುಕಾಗದ ಆಡುತ್ತದೆ, ಆಮೇಲೆ ಪ್ರೈಮರ್ ಬೀಳುತ್ತದೆ, ಊಟದ ಹೊತ್ತಿಗೆ ಎರಡು ಕೋಟು ಎನಾಮಲ್ ಹೊದ್ದು ಮಿರಮಿರ ಹೊಳೆಯುತ್ತ ನಿಂತಿರುತ್ತೀರಿ, ಮನೆಗೆ ಹೋದರೆ ಹೆಂಡತಿ ಗುರುತು ಹಿಡಿಯುವುದಿಲ್ಲ ಎನ್ನುತ್ತಿದ್ದರು.

ಆ ಹೆಸರಿಟ್ಟದ್ದು ಆತನ ತಮ್ಮನ ಮಗಳು, ತೊದಲು ಮಾತಿನ ವಯಸ್ಸಿನಲ್ಲಿ. ಅವಳಿಗೆ ದೊಡ್ಡಪ್ಪ ಅಂದರೆ ಉಗುರಿನ ಸುತ್ತ ಬಣ್ಣ, ಕಿವಿಯ ಹಿಂದೆ ಬಣ್ಣ, ಕೆಮ್ಮಿದರೂ ಟರ್ಪೆಂಟೈನ್ ವಾಸನೆ. ಹುಡುಗಿ ಬೆಳೆದು ಮದುವೆಯಾಗಿ ಬೇರೆ ಊರಿಗೆ ಹೋದಳು, ಹೆಸರು ಮಾತ್ರ ಬೀದಿಯಲ್ಲೇ ಉಳಿಯಿತು. ಆತನಿಗಿಂತ ಹನ್ನೆರಡು ವರ್ಷ ಹಿರಿಯನಾದ ಪಕ್ಕದ ಮನೆಯ ಟೈಲರ್ ಕೂಡ ನಾಚಿಕೆಯಿಲ್ಲದೆ "ಏನು ದೊಡ್ಡಪ್ಪಾ" ಎನ್ನುತ್ತಿದ್ದ. ಹಾಗಾಗಿ ಆತನ ಹೆಂಡತಿಯೂ, ಯಾರನ್ನೂ ಕೇಳದೆ, ಇಡೀ ಬೀದಿಗೆ ದೊಡ್ಡಮ್ಮನಾದಳು.

ದೊಡ್ಡಪ್ಪ ಮೂವತ್ತೊಂದು ವರ್ಷ ಸ್ಟೀಲ್ ಬೀರು ಮಾಡುವ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಕೆಲಸ ಮಾಡಿದವನು. ಅಲ್ಲಿ ಒಂದೇ ಒಂದು ಕಾನೂನು. ತಯಾರಾದ ಬೀರುವನ್ನು ತಪಾಸಣೆಯವನು ಟಾರ್ಚು, ಕನ್ನಡಿ ಎರಡನ್ನೂ ಹಿಡಿದು ಸುತ್ತು ಹಾಕುತ್ತಿದ್ದ. ಬೆನ್ನಿನ ತಗಡು, ಕಾಲಿನ ತಳ, ಕೀಲಿನ ಸಂದಿ, ಸ್ಕ್ರೂ ಕೂರುವ ತೂತಿನ ಒಳಗೋಡೆ ಎಲ್ಲ ನೋಡುವನು. ಸಾಸಿವೆಯಷ್ಟು ಬರಿ ಲೋಹ ಕಂಡರೆ ಇಡೀ ಬೀರು ವಾಪಸ್. ಮೂವತ್ತೊಂದು ವರ್ಷದಲ್ಲಿ ದೊಡ್ಡಪ್ಪ ಬಣ್ಣ ಹೊಡೆದ ಒಂದು ಬೀರುವೂ ವಾಪಸ್ ಬರಲಿಲ್ಲ. ಲೋಕದಲ್ಲಿ ಹೇಳಿಕೊಳ್ಳಲು ಆತನಿಗಿದ್ದದ್ದು ಅದೊಂದೇ, ಮತ್ತು ಆತ ಅದನ್ನು ಹೇಳಿಕೊಳ್ಳದೆ ಬಿಟ್ಟ ದಿನವೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ತಪಾಸಣೆಯವನು ಮನೆಗೆ ಬರುವುದಿಲ್ಲ ಎಂಬುದನ್ನು ಆತನಿಗೆ ಯಾರೂ ತಿಳಿಸಲಿಲ್ಲ. ಗೇಟಿಗೆ ಎಷ್ಟು ಕೋಟು ಹೊಡೆದಿದ್ದನೆಂದರೆ, ಹಿಂದೆ ಬೆಕ್ಕು ಬಾಲ ಎತ್ತಿಕೊಂಡು ದಾಟುತ್ತಿದ್ದ ಸರಳಿನ ಸಂದಿಯಲ್ಲಿ ಈಗ ಇರುವೆ ಅಡ್ಡಡ್ಡ ತಿರುಗಿ ನುಸುಳಬೇಕಿತ್ತು. ಮುಂಬಾಗಿಲ ಬೀಗಕ್ಕೆ ತುಕ್ಕು ಬಂದೀತೆಂದು ಒಳಗಿನ ತನಕ ಬಣ್ಣ ಕುಡಿಸಿದ್ದರಿಂದ, ಎರಡು ವರ್ಷದಿಂದ ಗಂಡ ಹೆಂಡತಿ ಇಬ್ಬರೂ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತಿದ್ದರು. ದೊಡ್ಡಮ್ಮ ಬಾವಿಯಿಂದ ನೀರು ಸೇದುವ ಬಕೆಟ್ಟು ಖಾಲಿಯಿದ್ದಾಗಲೇ ತುಂಬಿದ ಬಕೆಟ್ಟಿನಷ್ಟು ಭಾರ.

"ಕಬ್ಬಿಣ ಬೆತ್ತಲೆ ನಿಂತಿದ್ರೆ ನನಗೆ ನಾಚಿಕೆ ಆಗುತ್ತೆ ಕಣೇ," ಎನ್ನುತ್ತಿದ್ದ.

"ನಾಚಿಕೆ ಆಗ್ಬೇಕಾದ ಕಡೆ ಆಗಿದ್ರೆ ಚೆನ್ನಾಗಿತ್ತು," ಎನ್ನುತ್ತಿದ್ದಳು ದೊಡ್ಡಮ್ಮ.

ಅವಳು ಹೇಳುತ್ತಿದ್ದದ್ದು ಎದುರು ಮನೆಯ ವಿಷಯ. ಬೀದಿಯ ಆಚೆ ಬದಿಯಲ್ಲಿ, ದೊಡ್ಡಪ್ಪನ ಅಂಗಳಕ್ಕೆ ಸರಿಯಾಗಿ ಮೂಗಿಗೆ ಮೂಗು ತಾಗುವ ಹಾಗೆ, ಆತನ ಸ್ವಂತ ತಮ್ಮನ ಕಾರು ರಿಪೇರಿ ಗ್ಯಾರೇಜು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಹತ್ತು ವರ್ಷ, ಅಣ್ಣನಿಗೆ ಹದಿನೆಂಟು. ಅಣ್ಣನೇ ಓದಿಸಿ, ಓದು ಹತ್ತದಿದ್ದಾಗ ಕಿವಿ ಹಿಂಡಿ, ಕಡೆಗೆ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಕೆಲಸ ಕಲಿಯಲು ಬಿಟ್ಟವನು. ತಮ್ಮ ಕಲಿತ. ಎಷ್ಟು ಕಲಿತನೆಂದರೆ, ಎರಡು ಬೀದಿ ಆಚೆ ಹೋಗುವ ಕಾರಿನ ಸದ್ದು ಕೇಳಿಯೇ ಅದರ ಕಾಯಿಲೆಯ ಜೊತೆಗೆ ಓಡಿಸುವವನ ಕಾಯಿಲೆಯನ್ನೂ ಹೇಳುತ್ತಾನೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ದೊಡ್ಡಪ್ಪ ಮೂರು ಕೈ ದಾಟಿ ಬಂದ ಹಳೆಯ ಕಾರೊಂದನ್ನು ತಂದು, ಹೆಮ್ಮೆಯಿಂದ ತಮ್ಮನ ಗ್ಯಾರೇಜಿಗೆ ಬಿಟ್ಟಿದ್ದ. ತಮ್ಮ ಮುಚ್ಚಳ ಎತ್ತಿದ. ಒಳಗೆ ಸ್ಪಾರ್ಕ್ ಪ್ಲಗ್ಗುಗಳು ನಾಲ್ಕೂ ಕೆನೆ ಬಣ್ಣದ ಎನಾಮಲ್ ಬಳಿದುಕೊಂಡು ಮದುವೆಗೆ ಹೊರಟ ಹಾಗೆ ಕೂತಿದ್ದವು. ತಮ್ಮ ನಕ್ಕುಬಿಟ್ಟ.

"ಅಣ್ಣಾ, ನೀನು ಬಾಗಿಲಿಗೆ ಬಣ್ಣ ಹೊಡಿ. ಎಂಜಿನ್ ಅಂದ್ರೆ ಬೀರು ಅಲ್ಲ."

ಅಲ್ಲಿ ನಿಂತಿದ್ದ ಗಿರಾಕಿಗಳು ಆರು ಜನ. ಆರೂ ಜನ ನಕ್ಕರು. ಸಂಜೆಯ ಹೊತ್ತಿಗೆ ದೊಡ್ಡಪ್ಪನ ಲೆಕ್ಕದಲ್ಲಿ ನಕ್ಕವರು ಆರುನೂರಾಗಿದ್ದರು, ಮರುದಿನಕ್ಕೆ ಆರು ಸಾವಿರ. ಆತ ಕಾರನ್ನು ಒಬ್ಬನೇ ತಳ್ಳಿಕೊಂಡು ರಸ್ತೆ ದಾಟಿಸಿ, ನಡುರಸ್ತೆಯಲ್ಲಿ ತಿರುಗಿ ನಿಂತು ಕೂಗಿದ. "ಈ ಕಾರು ಇನ್ನೊಂದ್ಸಲ ನಿನ್ನ ಹೊಸ್ತಿಲು ತುಳಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದವನಲ್ಲ!"

"ಕರೀದೆ ನಾನು ನಿನ್ನ ಅಂಗಳಕ್ಕೆ ಕಾಲಿಟ್ರೆ ನಾನೂ ಅಲ್ಲ!" ಎಂದ ತಮ್ಮ.

ಇಬ್ಬರಿಗೂ ಅಪ್ಪ ಒಬ್ಬನೇ ಆದ್ದರಿಂದ ಆ ಪುಣ್ಯಾತ್ಮನ ಮಾನ ಅಂದಿನಿಂದ ರಸ್ತೆಯ ನಡುವೆ ನಿಂತುಬಿಟ್ಟಿತು. ದೊಡ್ಡಪ್ಪ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಾರಿನ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳತೊಡಗಿದ. ಬ್ರೇಕು, ಬೆಲ್ಟು, ರೇಡಿಯೇಟರಿನ ಪೈಪು ಎಲ್ಲ ಸ್ವಂತ. ಕೈ ಕೆಟ್ಟದ್ದೇನಲ್ಲ, ನಿಜ ಹೇಳಬೇಕು. ಒಂದೇ ತೊಂದರೆ ಎಂದರೆ ಬಿಚ್ಚಿದ್ದಕ್ಕೆಲ್ಲ ಬಣ್ಣ ಹೊಡೆಯದೆ ಮತ್ತೆ ಜೋಡಿಸುತ್ತಿರಲಿಲ್ಲ.

ಆ ವಾರ ಕೈಗೆತ್ತಿಕೊಂಡದ್ದು ಎಂಜಿನ್ನು ಕೂರುವ ರಬ್ಬರು. ಅದು ಹರಿದು, ಕಾರು ನಿಂತಲ್ಲೇ ಚಳಿಜ್ವರ ಬಂದ ಹಾಗೆ ಗಡಗಡ ನಡುಗುತ್ತಿತ್ತು. ಒಳಗೆ ಕೂತವರು ಹಲ್ಲು ಎಣಿಸಿಕೊಂಡು ಇಳಿಯಬೇಕು. ದೊಡ್ಡಪ್ಪ ಮೂರು ದಿನ ಕೂತು ಹಳೆ ರಬ್ಬರು ತೆಗೆದು ಹೊಸದು ಹಾಕಿದ. ಹಾಕುವ ಮೊದಲು, ರಬ್ಬರನ್ನು ಹಿಡಿದಿದ್ದ ಕಬ್ಬಿಣದ ಬ್ರಾಕೆಟ್ಟನ್ನು, ಅದರ ಬೋಲ್ಟುಗಳನ್ನು, ಬ್ರಾಕೆಟ್ಟಿನಿಂದ ಕಾರಿನ ಮೈಗೆ ಬಿಗಿದಿದ್ದ ಹೆಬ್ಬೆರಳಗಲದ ಹೆಣೆದ ತಾಮ್ರದ ಪಟ್ಟಿಯ ಎರಡೂ ತುದಿಗಳನ್ನು, ಆ ತುದಿಗಳು ಕೂರುವ ಜಾಗಗಳನ್ನು ಉಪ್ಪುಕಾಗದದಿಂದ ಉಜ್ಜಿ, ಒಂದು ಕೋಟು ಪ್ರೈಮರ್, ಎರಡು ಕೋಟು ಬೂದುಬಣ್ಣದ ಎನಾಮಲ್ ಹೊಡೆದು, ನೆರಳಿನಲ್ಲಿ ಒಣಗಿಸಿ, ಕನ್ನಡಿ ಹಿಡಿದು ಸಂದಿಸಂದಿ ನೋಡಿದ. ಸಾಸಿವೆಯಷ್ಟೂ ಬರಿ ಲೋಹ ಇರಲಿಲ್ಲ. ಭಾನುವಾರ ಸಂಜೆ ಕಡೆಯ ಬೋಲ್ಟು ಬಿಗಿದು, "ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ತೋರಿಸ್ತೀನಿ ನೋಡು, ತೊಟ್ಟಿಲು ತೂಗಿದ ಹಾಗಿರುತ್ತೆ," ಎಂದು ಕೈ ತೊಳೆದುಕೊಂಡ.

ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಫೋನ್ ಬಂತು. ಮಾಡಿದವಳು ದೊಡ್ಡಮ್ಮನ ಅಕ್ಕನ ಮಗಳು, ಪಕ್ಕದ ಜಿಲ್ಲೆಯ ಆಸ್ಪತ್ರೆಯಿಂದ. ಅಕ್ಕ ಅಲ್ಲಿ ಸೇರಿ ಹತ್ತು ದಿನವಾಗಿತ್ತು.

"ಚಿಕ್ಕಮ್ಮ, ಅಮ್ಮಂಗೆ ರಾತ್ರಿಯಿಂದ ಉಸಿರು ಸಾಲ್ತಿಲ್ಲ. ಡಾಕ್ಟ್ರು ನೋಡೋರು ಬಂದು ನೋಡ್ಲಿ ಅಂದ್ರು. ಎಚ್ಚರ ಇದೆ. ನಿನ್ನೇ ಕೇಳ್ತಿದ್ದಾಳೆ. ತಡ ಮಾಡ್ಬೇಡ."

ದೊಡ್ಡಮ್ಮನಿಗೆ ಆ ಅಕ್ಕ ಹನ್ನೊಂದು ವರ್ಷ ದೊಡ್ಡವಳು. ತಾಯಿ ಕಾಯಿಲೆಯವಳಾದ್ದರಿಂದ ಇವಳನ್ನು ಎತ್ತಿ ಆಡಿಸಿ ಬೆಳೆಸಿದ್ದೆಲ್ಲ ಅವಳೇ. ಶಾಲೆಗೆ ಕರೆದುಕೊಂಡು ಹೋಗುವಾಗ ಕೈಬೆರಳು ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದಳು. ಬೆರಳಾದರೆ ಬಿಡಿಸಿಕೊಂಡು ಓಡುತ್ತಾಳೆ ಎಂದು. ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಊರಿನ ಲೈನುಗಳೆಲ್ಲ ಕೆಟ್ಟು ಕೂತ ದಿನವೂ ತಂಗಿಯ ಮನೆಗೆ ಮಾತ್ರ ಹೇಗೋ ಒಂದು ಲೈನು ಹುಡುಕಿ ಮಾತಾಡಿದವಳು.

ದೊಡ್ಡಮ್ಮ ಹತ್ತು ನಿಮಿಷದಲ್ಲಿ ಸೀರೆ ಬದಲಿಸಿ ಕೈಚೀಲ ಹಿಡಿದು ಹಿತ್ತಲ ಮೆಟ್ಟಿಲಲ್ಲಿ ನಿಂತಳು. "ಏಳೂವರೆ ಬಸ್ಸಿದೆ. ಹತ್ತಕ್ಕೆ ಅಲ್ಲಿರ್ತೀನಿ. ನೀವು ಆಮೇಲೆ ಬನ್ನಿ."

"ಬಸ್ಸು ಯಾಕೆ? ಮನೇಲಿ ಕಾರು ನಿಂತಿದೆ. ಬಸ್ಸು ಎರಡೂವರೆ ಗಂಟೆ ತಗೊಳ್ಳುತ್ತೆ, ನಾವು ಒಂದೂಮುಕ್ಕಾಲು. ಆ ಬಸ್ಸನ್ನ ದಾರೀಲೇ ಹಿಂದೆ ಹಾಕಿ, ನೀನು ಕಿಟಕಿಯಿಂದ ಡ್ರೈವರಿಗೆ ಟಾಟಾ ಮಾಡ್ಕೊಂಡು ಹೋಗ್ಬಹುದು."

"ಕಾರು ಸರಿ ಇದೆಯಾ?"

"ಸರಿ ಇದೆಯಾ ಅಂತ ಕೇಳ್ತೀಯಲ್ಲ! ಮೂರು ದಿನ ನಾನೇನು ಅದಕ್ಕೆ ಜಡೆ ಹಾಕ್ತಿದ್ನಾ? ಹತ್ತು."

ಅವಳು ಹತ್ತಿ ಕೂತಳು. ಆತ ಕೀಲಿ ತಿರುಗಿಸಿದ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ, ಹಳದಿ ದೀಪ ಎಲ್ಲ ಬೆಳಗಿದವು. ಎಂಜಿನ್ನು ಮಾತ್ರ "ಟಕ್" ಎಂದಿತು. ಮತ್ತೆ ತಿರುಗಿಸಿದ. "ಟಕ್." ಹತ್ತು ಸಲ ತಿರುಗಿಸಿದ, ಹತ್ತು ಸಲವೂ ಅದೇ ಉತ್ತರ. ಕೇಳಿದ್ದಕ್ಕೆಲ್ಲ ಇಲ್ಲ ಎನ್ನುವ ಗುಮಾಸ್ತನ ನಾಲಿಗೆಯ ಸದ್ದು.

ಎದುರು ಗ್ಯಾರೇಜಿನಲ್ಲಿ ತಮ್ಮ ಆಗ ತಾನೆ ಬಾಗಿಲು ಎತ್ತಿ, ಸ್ಟೂಲಿನ ಮೇಲೆ ಚಹಾ ಹಿಡಿದು ಕೂತಿದ್ದ. ಮೂರನೆಯ "ಟಕ್"ಗೆ ಆತನ ಲೋಟ ಬಾಯಿಯ ಹತ್ತಿರ ನಿಂತಿತು. ಆಮೇಲೆ ನಿಧಾನವಾಗಿ ಗುಟುಕರಿಸಿದ.

"ಐದು ನಿಮಿಷ," ಎಂದ ದೊಡ್ಡಪ್ಪ. "ಬ್ಯಾಟರಿ ಟರ್ಮಿನಲ್ಲು ಸಡಿಲ ಆಗಿರುತ್ತೆ."

ಬ್ಯಾಟರಿಯ ತುದಿಗಳನ್ನು ಬಿಚ್ಚಿ ಉಜ್ಜಿ ಹಾಕಿದ. ಹೆಡ್‌ಲೈಟು ಹಾಕಿ ನೋಡಿದ. ಅವು ಎದುರು ಗೋಡೆಯ ಮೇಲೆ ಎರಡು ಸೂರ್ಯ ಹುಟ್ಟಿದ ಹಾಗೆ ಬೆಳಗಿದವು. ಬ್ಯಾಟರಿ ಗಟ್ಟಿಯಾಗಿದೆ. ಕೀಲಿ ತಿರುಗಿಸಿದರೆ "ಟಕ್."

ಬಸ್ ನಿಲ್ದಾಣದ ಕಡೆಯಿಂದ ಹಾರ್ನ್ ಕೇಳಿತು. ಏಳೂವರೆಯ ಬಸ್ಸು ಹೊರಟಿತ್ತು.

ದೊಡ್ಡಮ್ಮ ಕಾರಿನಿಂದ ಇಳಿದು ಮುಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಚೀಲ ಮಡಿಲಲ್ಲೇ ಇತ್ತು. "ಒಂಬತ್ತಕ್ಕೆ ಇನ್ನೊಂದಿದೆ," ಎಂದಳು.

"ಒಂಬತ್ತರ ತನಕ ಯಾರು ಕಾಯ್ತಾರೆ? ಎಂಟಕ್ಕೆ ಬಿಡ್ತೀವಿ."

ಗೋಡೆಯ ಮೇಲಿನಿಂದ ಟೈಲರಿನ ತಲೆ ಕಾಣಿಸಿಕೊಂಡಿತು. ಕುತ್ತಿಗೆಯಲ್ಲಿ ಅಳತೆಪಟ್ಟಿ. "ಏನು ದೊಡ್ಡಪ್ಪ, ಪೆಟ್ರೋಲ್ ಇದೆಯಾ?"

"ಪೆಟ್ರೋಲ್ ಇಲ್ದಿದ್ರೆ ತಿರುಗುತ್ತೆ ಕಣಯ್ಯ, ಹತ್ತಿಕೊಳ್ಳಲ್ಲ. ಇದು ತಿರುಗ್ತಾನೇ ಇಲ್ಲ. ನೀನು ಗುಂಡಿ ಹಾಕು, ಹೋಗು."

"ತಳ್ಳೋಣ್ವಾ?"

ಅಂಗಳ ರಸ್ತೆಗಿಂತ ಎರಡು ಅಡಿ ತಗ್ಗು, ನಡುವೆ ಇಳಿಜಾರು. ಎಪ್ಪತ್ತೆಂಟರ ಟೈಲರ್ ಮತ್ತು ಅರವತ್ತಾರರ ದೊಡ್ಡಪ್ಪ ಸೇರಿ ತಳ್ಳಿದರು. ಕಾರು ಅರ್ಧ ಏರಿತು, ಯೋಚನೆ ಮಾಡಿತು, ಮತ್ತೆ ಇಬ್ಬರನ್ನೂ ಹಿಂದಕ್ಕೆ ತಳ್ಳಿಕೊಂಡು ಬಂದು ತನ್ನ ಜಾಗದಲ್ಲೇ ನಿಂತಿತು. ಟೈಲರ್ ಸೊಂಟ ಹಿಡಿದುಕೊಂಡು, ತಾನು ಇನ್ನು ಮೇಲೆ ಗೂನು ಬೆನ್ನಿನ ಆಕಾರದಲ್ಲೇ ಉಳಿಯುವುದಾದರೆ ತನಗೆ ಅಂಗಿ ಹೊಲಿಯಲು ಇನ್ನೊಬ್ಬ ಟೈಲರ್ ಬೇಕಾಗುತ್ತದೆ ಎಂದು ಗೊಣಗುತ್ತ ಹೋದ.

ಆಗ ದೊಡ್ಡಮ್ಮ ಎದ್ದಳು. ರಸ್ತೆಯ ಆಚೆ ನೋಡಿದಳು. "ಒಂದು ಮಾತು ಅವನನ್ನ ಕರೀಲಾ?"

ದೊಡ್ಡಪ್ಪ ಕಾರಿನ ಮುಚ್ಚಳದೊಳಗಿಂದ ತಲೆ ಎತ್ತಲೇ ಇಲ್ಲ. ಒಳಗಿನಿಂದಲೇ ಹೇಳಿದ. "ನೀನು ಆ ರಸ್ತೆ ದಾಟಿದ್ರೆ, ಅವನು ನಗೋದು ನನ್ನ ನೋಡಿ ಅಲ್ಲ. ನಿನ್ನ ಗಂಡನ್ನ ನೋಡಿ."

"ನಗ್ಲಿ ಬಿಡಿ. ನನ್ನ ಅಕ್ಕ ಅಲ್ಲಿ..."

"ಐದು ನಿಮಿಷ ಅಂದ್ನಲ್ಲ! ಗೊತ್ತಾಗಿದೆ ನನಗೆ. ಬ್ಯಾಟರಿಗೆ ಲೈಟು ಉರಿಸೋ ಶಕ್ತಿ ಇದೆ, ಎಂಜಿನ್ ತಿರುಗಿಸೋ ಶಕ್ತಿ ಇಲ್ಲ."

ಅವಳು ಕೂತಳು. ಆ ಐದು ನಿಮಿಷದಲ್ಲಿ ಒಂದು ಮಗು ಹುಟ್ಟಿ, ಶಾಲೆಗೆ ಸೇರಿ, ನಪಾಸಾಗಿ, ಮತ್ತೆ ಪಾಸಾಗಿ, ಕೆಲಸಕ್ಕೆ ಸೇರಿ ಪಿಂಚಣಿ ತಗೊಳ್ಳಬಹುದಿತ್ತು. ದೊಡ್ಡಪ್ಪ ಒಳಗಿನಿಂದ ಇನ್ವರ್ಟರಿನ ಬ್ಯಾಟರಿಯನ್ನು ಎದೆಗವಚಿಕೊಂಡು ತಂದ. ಅದು ಕಾರಿನ ಬ್ಯಾಟರಿಯ ಮೂರು ಪಟ್ಟು, ಅದನ್ನು ಇಳಿಸುವಾಗ ಆತನ ಬೆನ್ನೆಲುಬು ಒಂದೊಂದಾಗಿ ಹಾಜರಿ ಹೇಳಿತು. ದಪ್ಪ ತಂತಿಗಳಿಂದ ಕಾರಿನ ಬ್ಯಾಟರಿಗೆ ಜೋಡಿಸಿದ. ಕೀಲಿ ತಿರುಗಿಸಿದ. "ಟಕ್."

ಎಂಟೂವರೆಗೆ ಮತ್ತೆ ಫೋನ್. "ಹೊರಟ್ರಾ ಚಿಕ್ಕಮ್ಮ?"

ದೊಡ್ಡಮ್ಮ ಗಂಡನ ಕಡೆ ನೋಡಿದಳು. ಆತ ಎಣ್ಣೆಯ ಕೈ ಎತ್ತಿ, ಹೂಂ ಅನ್ನು ಎಂಬಂತೆ ಆಡಿಸಿದ. "ಹೊರಡ್ತಿದ್ದೀವಮ್ಮ. ಕಾರಲ್ಲೇ ಬರ್ತಿದ್ದೀವಿ," ಎಂದಳು.

ಫೋನ್ ಇಟ್ಟು, "ನಾನು ಬಸ್ಸಿಗೆ ಹೋಗ್ತೀನಿ," ಎಂದು ಎದ್ದಳು.

"ಹೋಗು! ಹೋಗು ಹಾಗಾದ್ರೆ!" ಆತನ ದನಿ ಒಡೆಯಿತು. "ಎದುರಿಗೆ ಅವನು ಚಹಾ ಕುಡೀತಾ ಕೂತಿದ್ದಾನೆ, ನೋಡು. ಚೀಲ ಹಿಡ್ಕೊಂಡು ಅವನ ಮುಂದೇನೇ ಹೋಗು. ಊರಿಗೆಲ್ಲ ಗೊತ್ತಾಗ್ಲಿ, ಇವನ ಕಾರನ್ನ ಇವನ ಹೆಂಡ್ತೀನೇ ನಂಬಲ್ಲ ಅಂತ. ಮೂವತ್ತೊಂದು ವರ್ಷ ಒಂದು ಬೀರು ವಾಪಸ್ ಬಂದಿಲ್ಲ ನನ್ನದು. ಸ್ಟಾರ್ಟರ್ ಮೋಟರು ಕಣೇ ಇದು, ಖಂಡಿತ. ಬಿಚ್ಚಿ ಹಾಕಿದ್ರೆ ಆಯ್ತು. ಒಂಬತ್ತರ ಬಸ್ಸು ಊರು ಬಿಡೋದ್ರೊಳಗೆ ನಾವು ಅದರ ಮುಂದಿರ್ತೀವಿ. ಮಾತು ಅಂದ್ರೆ ಮಾತು."

ನಲವತ್ತು ವರ್ಷ ಒಬ್ಬನ ಜೊತೆ ಬಾಳಿದವಳಿಗೆ ಆತನ ದನಿ ಎಲ್ಲಿ ಒಡೆಯುತ್ತದೆಂದು ಗೊತ್ತಿರುತ್ತದೆ. ಅವಳು ಮತ್ತೆ ಕೂತಳು. ಹಾಗೆ ಕೂತದ್ದಕ್ಕೆ ಅವಳು ಆಮೇಲೆ ತನ್ನನ್ನೇ ಕ್ಷಮಿಸಿಕೊಳ್ಳಲಿಲ್ಲ.

ದೊಡ್ಡಪ್ಪ ಗೋಣಿಚೀಲ ಹಾಸಿ ಕಾರಿನ ಅಡಿಗೆ ನುಗ್ಗಿದ. ಸ್ಟಾರ್ಟರ್ ಮೋಟರಿನ ಎರಡು ಬೋಲ್ಟುಗಳಲ್ಲಿ ಒಂದು ಸಲೀಸಾಗಿ ಬಂತು. ಇನ್ನೊಂದಕ್ಕೆ ಎರಡು ವರ್ಷದ ಹಿಂದೆ ಆತನೇ ಹೊಡೆದಿದ್ದ ಹಸಿರು ಬಣ್ಣ ಅಂಟಾಗಿ ಕೂತಿತ್ತು. ಅದನ್ನು ಅಲ್ಲಾಡಿಸುವಷ್ಟರಲ್ಲಿ ಒಂಬತ್ತರ ಬಸ್ಸಿನ ಹಾರ್ನ್ ಕೇಳಿತು. ಆತ ಕಾರಿನ ಅಡಿಯಿಂದಲೇ, "ಕೇಳಿಸ್ತು, ಕೇಳಿಸ್ತು," ಎಂದ, ಯಾರೂ ಏನೂ ಹೇಳದಿದ್ದರೂ.

ಒಂಬತ್ತೂಮುಕ್ಕಾಲಿಗೆ ಮೋಟರು ಕೆಳಗಿಳಿಯಿತು. ಅಂಗಳದ ಕಲ್ಲಿನ ಮೇಲೆ ಇಟ್ಟು, ಬ್ಯಾಟರಿಯಿಂದ ಎರಡು ತಂತಿ ಎಳೆದು ಒಂದನ್ನು ಮೋಟರಿಗೆ ತಂತಿ ಬಿಗಿಯುವ ತಿರುಪಿಗೆ, ಒಂದನ್ನು ಅದರ ಮೈಗೆ ಮುಟ್ಟಿಸಿದ. ಮೋಟರು ಭರ್ರೆಂದು ತಿರುಗಿ, ಕಪ್ಪೆಯ ಹಾಗೆ ಚಂಗನೆ ನೆಗೆದು ಗಿಡದ ಕುಂಡವೊಂದನ್ನು ಒಡೆಯಿತು.

"ನೋಡ್ದಾ! ನೋಡ್ದಾ! ಮೋಟರು ಸಿಂಹ ಇದ್ದ ಹಾಗಿದೆ!" ದೊಡ್ಡಪ್ಪ ಕುಣಿದಾಡಿದ.

"ಮೋಟರು ಚೆನ್ನಾಗಿದ್ರೆ ಮತ್ತೆ ಕೆಟ್ಟಿರೋದು ಏನು?" ಎಂದಳು ದೊಡ್ಡಮ್ಮ.

ಅಷ್ಟು ಸರಳವಾದ ಪ್ರಶ್ನೆಯನ್ನು ಆ ಬೆಳಿಗ್ಗೆಯಿಂದ ಆ ಅಂಗಳದಲ್ಲಿ ಯಾರೂ ಕೇಳಿರಲಿಲ್ಲ. ದೊಡ್ಡಪ್ಪ ಮೋಟರನ್ನು ಮತ್ತೆ ಮೇಲೆ ಹತ್ತಿಸಿದ. ಕಾರಿನ ಅಡಿಯಿಂದ ಬರುವಾಗ, ಅಭ್ಯಾಸ ಎಂಬುದು ಎಷ್ಟು ಕೆಟ್ಟದ್ದು ನೋಡಿ, ಬೋಲ್ಟಿನ ಗೀಚಿದ ತಲೆಗೆ ಕುಂಚದ ತುದಿಯಿಂದ ಒಂದು ಚುಕ್ಕೆ ಬಣ್ಣ ಮುಟ್ಟಿಸಿಯೇ ಬಂದ.

ಹತ್ತು ಇಪ್ಪತ್ತೈದಕ್ಕೆ ಕೀಲಿ ತಿರುಗಿಸಿದ. "ಟಕ್." ಪಟ್ಟು ಬಿಡದೆ ಕೀಲಿಯನ್ನು ತಿರುಗಿಸಿ ಹಿಡಿದೇ ಕೂತ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಇಳಿದು ನೋಡಿದರೆ ಎಕ್ಸಲರೇಟರಿನ ಸಣ್ಣ ಕೇಬಲ್ಲಿನಿಂದ ಹೊಗೆಯ ಎಳೆ ಏಳುತ್ತಿತ್ತು. ಮುಟ್ಟಿದ, ಬೆರಳು ಚುರ್ರೆಂದಿತು. ಕಾಲಿನಿಂದ ಒತ್ತುವ ಕೇಬಲ್ಲು ಯಾಕೆ ಸುಡಬೇಕು? ಕರೆಂಟಿಗೂ ಅದಕ್ಕೂ ಎಲ್ಲಿಯ ಸಂಬಂಧ? ದೊಡ್ಡಪ್ಪ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತ. ಆತನಿಗೆ ಇನ್ನು ಬಿಚ್ಚಲು ಏನೂ ಉಳಿದಿರಲಿಲ್ಲ.

ಹತ್ತೂವರೆಯ ಬಸ್ಸಿನ ಹಾರ್ನ್ ಕೇಳಿತು. ಇನ್ನು ಹನ್ನೆರಡರ ತನಕ ಬಸ್ಸಿಲ್ಲ.

ದೊಡ್ಡಮ್ಮ ಚೀಲವನ್ನು ಮೆಟ್ಟಿಲ ಮೇಲಿಟ್ಟು, ಗೇಟು ತೆಗೆದು, ಎಡಬಲ ನೋಡದೆ ರಸ್ತೆ ದಾಟಿದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ. ದೊಡ್ಡಪ್ಪ ಕರೆಯಲಿಲ್ಲ, ತಡೆಯಲಿಲ್ಲ.

ತಮ್ಮ ಸ್ಟೂಲಿನಿಂದ ಎದ್ದು ನಿಂತ. "ಅತ್ತಿಗೆ..."

"ಬಾ," ಎಂದಳು ಅವಳು. ಅಷ್ಟೇ.

ಆತ ಒಂದು ಸ್ಕ್ರೂಡ್ರೈವರು, ದಪ್ಪನೆಯ ಒಂದು ತಂತಿ ಹಿಡಿದು ಬಂದ. ಅಣ್ಣನ ಮುಖ ನೋಡಲಿಲ್ಲ. ಮುಚ್ಚಳದೊಳಗೆ ಒಂದು ಸಲ ಕಣ್ಣಾಡಿಸಿದ. ತಂತಿಯ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿದ, ಇನ್ನೊಂದನ್ನು ಎಂಜಿನ್ನಿನ ಮೈಗೆ ಕಚ್ಚಿಸಲು ಬರಿ ಲೋಹ ಹುಡುಕಿದ. ಸಿಗಲಿಲ್ಲ. ಎಲ್ಲಿ ಮುಟ್ಟಿದರೂ ಬಣ್ಣ. ಕಡೆಗೆ ಸ್ಕ್ರೂಡ್ರೈವರಿನಿಂದ ಒಂದು ಮೂಲೆಯನ್ನು ಕರಕರನೆ ಕೆರೆದು, ಅಲ್ಲಿ ಕಚ್ಚಿಸಿದ.

"ಈಗ ತಿರುಗ್ಸು."

ದೊಡ್ಡಪ್ಪ ತಿರುಗಿಸಿದ. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ತಮ್ಮ ಎಂಜಿನ್ ಆರಿಸಿ, ತಾಮ್ರದ ಪಟ್ಟಿಯ ಬೋಲ್ಟು ಬಿಚ್ಚಿ, ಎರಡೂ ತುದಿಯ ಬೂದುಬಣ್ಣವನ್ನು ಕೆರೆದು ಮತ್ತೆ ಬಿಗಿಯತೊಡಗಿದ. ಕೆಲಸ ಮಾಡುತ್ತಲೇ, ಬ್ರಾಕೆಟ್ಟಿಗೆ ಹೇಳಿದ ಹಾಗೆ ಹೇಳಿದ. "ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ವಾಪಸ್ ಬ್ಯಾಟರಿಗೆ ಬರ್ಬೇಕು. ಬರೋ ದಾರಿ ಈ ಪಟ್ಟಿ. ನೀನು ಎರಡೂ ಬಾಗಿಲಿಗೆ ಬಣ್ಣ ಹೊಡೆದು ಮುಚ್ಚಿದ್ದೀಯ. ಪಾಪ, ಅದು ಸಿಕ್ಕ ಸಣ್ಣ ಸಂದಿ ಅಂತ ಕೇಬಲ್ಲಲ್ಲಿ ನುಗ್ಗೋಕೆ ನೋಡಿದೆ. ನೆಲದ ಮೇಲೆ ಮೋಟರು ತಿರುಗ್ತಲ್ಲ, ಅಲ್ಲಿ ನೀನೇ ಕೈಯಾರ ಎರಡನೇ ತಂತಿ ಕೊಟ್ಟಿದ್ದೆ, ಅದಕ್ಕೆ. ಲೈಟ್ ಉರೀತು, ಟಕ್ ಅಂತು, ತಿರುಗ್ಲಿಲ್ಲ. ಬೆಳಿಗ್ಗೆ ಮೂರನೇ ಟಕ್‌ಗೇ ಗೊತ್ತಾಯ್ತು ನನಗೆ."

ದೊಡ್ಡಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಗೊತ್ತಾಯ್ತಾ?" ಎಂದಳು ದೊಡ್ಡಮ್ಮ. "ಏಳೂವರೆಗೂ ಮೊದ್ಲೇ? ನನ್ನ ಅಕ್ಕ ಆಸ್ಪತ್ರೇಲಿ ಕಡೇ ಉಸಿರು ಎಳೀತಿದ್ದಾಳೆ."

ತಮ್ಮನ ಕೈ ಬೋಲ್ಟಿನ ಮೇಲೆ ನಿಂತಿತು. "ಕರೀಲಿ ಅಂತ ಕಾಯ್ತಿದ್ದೆ ಅತ್ತಿಗೆ. ಅಕ್ಕನ ವಿಷಯ ನನಗೆ ಗೊತ್ತಿರ್ಲಿಲ್ಲ, ಆಣೆ. ನೀವು ಎಲ್ಲೋ ಸುಮ್ನೆ ಹೊರಟಿದ್ದೀರಿ ಅಂದ್ಕೊಂಡೆ. ಒಂದು ಮಾತು ಕರೆದಿದ್ರೆ ಓಡಿ ಬರ್ತಿದ್ದೆ."

"ಮೂರು ಗಂಟೆ ಚೀಲ ಮಡಿಲಲ್ಲಿಟ್ಕೊಂಡು ಕೂತಿದ್ದು ಕಾಣ್ಸಿತ್ತು?"

"ಕಾಣ್ಸಿತ್ತು."

ದೊಡ್ಡಮ್ಮ ಆತನನ್ನು ಒಂದು ಕ್ಷಣ ನೋಡಿದಳು, ಆಮೇಲೆ ಗಂಡನನ್ನು. "ನೀನೂ ಇವರ ತಮ್ಮನೇ," ಎಂದು ಹೇಳಿ ಕಾರು ಹತ್ತಿ, ಹಿಂದಿನ ಸೀಟಿನಲ್ಲಿ ಕೂತಳು.

ಹತ್ತೂಮುಕ್ಕಾಲು ದಾಟಿ ಐದು ನಿಮಿಷಕ್ಕೆ ಹೊರಟರು. ಕಾರು ನಿಜಕ್ಕೂ ಚೆನ್ನಾಗಿ ಓಡಿತು. ಹೊಸ ರಬ್ಬರು, ನಡುಕವೆಂಬುದೇ ಇಲ್ಲ. ಅರ್ಧ ಗಂಟೆ ಬಾಯಿ ಕಟ್ಟಿಕೊಂಡಿದ್ದ ದೊಡ್ಡಪ್ಪನಿಗೆ ಆಮೇಲೆ ತಡೆಯಲಾಗಲಿಲ್ಲ. "ನೋಡು, ಒಂದಿಷ್ಟೂ ಅದುರ್ತಾ ಇಲ್ಲ," ಎಂದ. ಸ್ವಲ್ಪ ದೂರ ಹೋಗಿ, "ಗೇರ್ ಹಾಕಿದ್ದೇ ಗೊತ್ತಾಗಲ್ಲ," ಎಂದ. ಹತ್ತೂವರೆಯ ಬಸ್ಸು ದಾರಿಯಲ್ಲಿ ಸಿಕ್ಕಿತು. ಅದನ್ನು ಹಿಂದೆ ಹಾಕುವಾಗ ಏನೋ ಹೇಳಲು ಬಾಯಿ ತೆಗೆದು, ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿ, ಮುಚ್ಚಿದ.

ಆಸ್ಪತ್ರೆಯ ಎರಡನೇ ಮಹಡಿಯ ಉದ್ದ ಹಜಾರದಲ್ಲಿ ಅಕ್ಕನ ಮಗಳು ಗೋಡೆಗೊರಗಿ ನಿಂತಿದ್ದಳು. ಅವಳು ಓಡಿ ಬರಲಿಲ್ಲ. ಅದರಿಂದಲೇ ಗೊತ್ತಾಯಿತು.

"ಹನ್ನೆರಡು ಹತ್ತಕ್ಕೆ, ಚಿಕ್ಕಮ್ಮ," ಎಂದಳು.

ಹಜಾರದ ಗೋಡೆಯಲ್ಲಿದ್ದ ಗಡಿಯಾರದಲ್ಲಿ ಹನ್ನೆರಡು ಮೂವತ್ತೆಂಟು.

"ಹನ್ನೊಂದೂವರೆ ತನಕ ಚೆನ್ನಾಗೇ ಮಾತಾಡ್ತಿದ್ಲು. ಬಾಗಿಲ ಕಡೇನೇ ನೋಡ್ತಿದ್ಲು. ಬಂದ್ಲಾ, ಬಂದ್ಲಾ ಅಂತ ಕೇಳ್ತಾನೇ ಇದ್ಲು. ಕಾರಲ್ಲಿ ಬರ್ತಿದ್ದಾರಮ್ಮ ಅಂದೆ. 'ಕಾರಲ್ಲಾ? ಹಾಗಾದ್ರೆ ಬೇಗ ಬಂದ್ಬಿಡ್ತಾಳೆ' ಅಂದ್ಲು."

ದೊಡ್ಡಪ್ಪ ಗೋಡೆಯ ಕಡೆ ತಿರುಗಿ ನಿಂತ. ಆ ಗೋಡೆಗೆ ಸೊಂಟದೆತ್ತರ ತಿಳಿನೀಲಿ ಬಣ್ಣ ಹೊಡೆದಿತ್ತು. ಆತನ ಜೀವನದಲ್ಲಿ ಆತ ಬಣ್ಣದ ಎದುರು ನಿಂತು ಅದರಲ್ಲಿ ತಪ್ಪು ಹುಡುಕದೆ ಇದ್ದದ್ದು ಅದೊಂದೇ ಸಲ ಇರಬೇಕು.

ದೊಡ್ಡಮ್ಮ ಒಳಗೆ ಹೋದಳು. ಎರಡು ಗಂಟೆ ಹೊರಗೆ ಬರಲಿಲ್ಲ.

ಮುಂದಿನದನ್ನು ಹೇಳಿದರೆ ನಗು ಬರುತ್ತದೆ, ನಕ್ಕವರ ಬಾಯಿ ಕಹಿಯಾಗುತ್ತದೆ. ಅಣ್ಣ ತಮ್ಮ ಒಂದಾದರು. ಒಂದು ವಾರ ಕಳೆದ ಮೇಲೆ ತಮ್ಮ ಕೆರೆದ ಜಾಗಕ್ಕೆ ಹಚ್ಚಲೆಂದು ಒಂದು ಡಬ್ಬಿ ಗ್ರೀಸು ಹಿಡಿದು ತಾನಾಗಿಯೇ ಬಂದ. ಮುಂದಿನ ವಾರ ಸುಮ್ಮನೆ ಬಂದ. ಆಮೇಲೆ ದಿನಾ ಸಂಜೆ ಬರತೊಡಗಿದ. ಇಬ್ಬರೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಾರಿನ ಮಾತಾಡುತ್ತಿದ್ದರು, ಅಪ್ಪನ ಮಾತಾಡುತ್ತಿದ್ದರು, ಕೆನೆ ಬಣ್ಣದ ಸ್ಪಾರ್ಕ್ ಪ್ಲಗ್ಗಿನ ಮಾತಾಡಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮೂವತ್ತು ಸಾವಿರ ಸಲ ಹೇಳಿಕೊಂಡಿದ್ದ ಬೀರುವಿನ ಕಥೆಯನ್ನು ದೊಡ್ಡಪ್ಪ ಮತ್ತೆ ಮೊದಲಿನಿಂದ ಹೇಳಿದ, ತಮ್ಮ ಹೊಸದಾಗಿ ಕೇಳುವವನ ಹಾಗೆ ಕೇಳಿದ.

ಒಂದು ಸಂಜೆ ದೊಡ್ಡಪ್ಪ, "ಆವತ್ತು ನೀನೇ ಒಂದು ಹೆಜ್ಜೆ ಬಂದಿದ್ದಿದ್ರೆ..." ಎಂದು ಎಳೆದ.

"ನೀನೇ ಒಂದು ಮಾತು ಕೂಗಿದ್ದಿದ್ರೆ..." ಎಂದ ತಮ್ಮ.

"ಹೋಗ್ಲಿ ಬಿಡು. ತಪ್ಪು ಇಬ್ಬರದೂ ಅರ್ಧರ್ಧ."

"ಅರ್ಧರ್ಧ," ಎಂದು ತಮ್ಮ ತಲೆಯಾಡಿಸಿದ.

ಅಷ್ಟಕ್ಕೆ ಅವರಿಬ್ಬರ ಮಟ್ಟಿಗೆ ಅದು ತೀರ್ಮಾನವಾಯಿತು. ಅಡುಗೆಮನೆಯ ಕಿಟಕಿಯೊಳಗೆ ಚಹಾ ಸೋಸುತ್ತಿದ್ದ ದೊಡ್ಡಮ್ಮನಿಗೆ ಅದು ಕೇಳಿಸಿತು. ಅವಳು ಎರಡು ಲೋಟ ತಂದು ಇಬ್ಬರ ನಡುವೆ ಇಟ್ಟಳು.

"ನೀವೂ ಕೂತ್ಕೊಳ್ಳಿ ಅತ್ತಿಗೆ," ಎಂದ ತಮ್ಮ.

"ಕೆಲಸ ಇದೆ."

ಅವಳು ಜಗಳವಾಡಲಿಲ್ಲ, ಮುಖ ಊದಿಸಿಕೊಂಡು ತಿರುಗಲಿಲ್ಲ, ಯಾರಿಗೂ ಏನನ್ನೂ ಹೇಳಿಕೊಳ್ಳಲಿಲ್ಲ. ಊಟಕ್ಕೆ ಕರೆಯುತ್ತಾಳೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾಳೆ. ತಿಂಗಳಿಗೊಮ್ಮೆ ಅಕ್ಕನ ಮಗಳನ್ನು ನೋಡಲು ಹೋಗುತ್ತಾಳೆ, ಏಳೂವರೆಯ ಬಸ್ಸಿಗೆ. ಅವಳು ಆರೂವರೆಗೇ ಎದ್ದು ಚೀಲ ತಯಾರು ಮಾಡುವಾಗ ದೊಡ್ಡಪ್ಪನೂ ಏಳುತ್ತಾನೆ, ಅಂಗಿ ಹಾಕುತ್ತಾನೆ, ಕೀಲಿ ಹುಡುಕುತ್ತಾನೆ.

"ಕಾರು ತೆಗೀತೀನಿ ತಾಳು."

"ಬೇಡ."

"ಬಸ್‌ಸ್ಟಾಂಡ್ ತನಕನಾದ್ರೂ."

"ನಡ್ಕೊ‍ಂಡ್ ಹೋಗ್ತೀನಿ ರೀ. ನೀವು ಮಲಗಿ."

ಆದರೂ ಆತ ಹೋಗಿ ಕಾರಿನಲ್ಲಿ ಕೂರುತ್ತಾನೆ, ಕೀಲಿ ತಿರುಗಿಸುತ್ತಾನೆ. ಕಾರು ಅರ್ಧ ತಿರುವಿಗೇ ಹತ್ತಿಕೊಳ್ಳುತ್ತದೆ. ಅಷ್ಟರಲ್ಲಿ ದೊಡ್ಡಮ್ಮ ಗೇಟು ಹಾಕಿಕೊಂಡು ಬೀದಿಯ ತಿರುವು ದಾಟಿರುತ್ತಾಳೆ. ಆತ ಸ್ಟಿಯರಿಂಗ್ ಹಿಡಿದು ಹಾಗೇ ಕೂತಿರುತ್ತಾನೆ.

ಗೋಡೆಯ ಮೇಲೆ ಟೈಲರಿನ ತಲೆ ಏಳುತ್ತದೆ. "ಏನು ದೊಡ್ಡಪ್ಪ, ಇಷ್ಟು ಬೆಳಿಗ್ಗೆ ಸವಾರಿ ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸ್ಟಾರ್ಟ್ ಆಗುತ್ತಾ ಅಂತ ನೋಡ್ದೆ."

"ಆಯ್ತಾ?"

"ಆಯ್ತು," ಎನ್ನುತ್ತಾನೆ ದೊಡ್ಡಪ್ಪ, ಮತ್ತು ಎಂಜಿನ್ ಆರಿಸುತ್ತಾನೆ.